ಹಾಸಿದವಳು ತುಳಿಯದ ಮಡಿ

ಈಗಿನ ಬೇವಿನ ಮರಗಳ ಮುತ್ತಜ್ಜ ಇನ್ನೂ ಬೀಜವಾಗಿ ಹಕ್ಕಿಯ ಹೊಟ್ಟೆಯಲ್ಲಿದ್ದ ಕಾಲ. ಕೃಷ್ಣೆಯ ಈಚೆ ದಂಡೆಯ ಮೇಲೆ ಗೆಜ್ಜೆಹಾಳ ಅಂತ ಒಂದು ಊರು, ಆಚೆ ದಂಡೆಯ ಮೇಲೆ ಜಾಲಮಟ್ಟಿ ಅಂತ ಒಂದು ಊರು. ಗೆಜ್ಜೆಹಾಳದಲ್ಲಿ ಮಾಚವ್ವ ಅಂತ ಒಬ್ಬ ಅಗಸಗಿತ್ತಿ ಇದ್ದಳು.

ಮಾಚವ್ವ ಬಂಡೆಯ ಮೇಲೆ ಬಟ್ಟೆ ಸೆಳೆದರೆ ಆ ಸಪ್ಪಳಕ್ಕೆ ಎರಡೂ ಊರಿನ ಕೋಳಿಗಳು ಏಳುತ್ತಿದ್ದವು ಅಂತಾರೆ. ಅವಳು ಮರಳಿನ ಮೇಲೆ ಹರವಿದ ಧೋತರಗಳನ್ನು ತಮ್ಮ ಬಳಗವೆಂದು ತಿಳಿದು ಬೆಳ್ಳಕ್ಕಿಗಳು ಇಳಿಯುತ್ತಿದ್ದವು ಅಂತಾರೆ. ಹೊಳೆಯೇ ಅವಳ ಬಂಡೆಗೆ ನಡೆದು ಬರುತ್ತಿತ್ತು ಅಂತಲೂ ಅಂತಾರೆ. ಅದು ಮಾತ್ರ ಸುಳ್ಳು. ಹೊಳೆಗೆ ನಡೆದವಳು ಅವಳೇ, ತೊಯ್ದ ಗಂಟು ಹೊತ್ತವಳೂ ಅವಳೇ. ಕೂತು ಕಥೆ ಕಟ್ಟುವವರಿಗೆ ಸೊಂಟದ ನೋವು ಹೇಗೆ ಗೊತ್ತಾಗಬೇಕು?

ಮಾಚವ್ವನ ಗಂಡ ಬೇಗ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಸಂಕವ್ವ. ದೂರ ಕೊಟ್ಟರೆ ಮುಖ ನೋಡುವುದು ಕಷ್ಟ ಅಂತ ಮಾಚವ್ವ ಮಗಳನ್ನು ಜಾಲಮಟ್ಟಿಯ ಅಗಸರ ಮನೆಗೇ ಕೊಟ್ಟಳು. ಬೇಸಿಗೆಯಲ್ಲಿ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದರೆ ಮಗಳ ಮನೆ. ಮಳೆಗಾಲದಲ್ಲಿ ಹೊಳೆ ತುಂಬಿದರೂ ಅವರಿಗೆ ಚಿಂತೆ ಇರಲಿಲ್ಲ. ಬೆಳಗ್ಗೆ ಈಚೆ ದಂಡೆಯ ಬಂಡೆಯ ಮೇಲೆ ತಾಯಿ ಬಟ್ಟೆ ಸೆಳೆಯುತ್ತಿದ್ದಳು. ಅದು ಮುಗಿಯುವುದನ್ನೇ ಕಾದು ಆಚೆ ದಂಡೆಯ ಬಂಡೆಯ ಮೇಲೆ ಮಗಳು ಸೆಳೆಯುತ್ತಿದ್ದಳು. ಉಂಡೆಯಾ ಅಂತ ತಾಯಿ ಕೇಳಿದ ಹಾಗೆ, ಉಂಡೆ ಅಂತ ಮಗಳು ಹೇಳಿದ ಹಾಗೆ. ಊರಿನವರಿಗೆ ಅದು ಬರೀ ಸಪ್ಪಳ.

ಈಚೆ ದಂಡೆ ರಾಯನದು, ಆಚೆ ದಂಡೆ ಸುಲ್ತಾನನದು. ಯಾವ ರಾಯ, ಯಾವ ಸುಲ್ತಾನ ಅಂತ ಕೇಳಬೇಡಿ, ಹೇಳುವವರಿಗೂ ಗೊತ್ತಿಲ್ಲ. ಒಬ್ಬ ಸತ್ತರೆ ಇನ್ನೊಬ್ಬ ಬರುತ್ತಿದ್ದ, ಜಗಳ ಮಾತ್ರ ಅದೇ ಇರುತ್ತಿತ್ತು. ಒಂದು ವರ್ಷ ಇವರ ದಂಡು ಹೊಳೆ ದಾಟಿ ಅವರ ಕೋಟೆ ಹಿಡಿಯುವುದು, ಇನ್ನೊಂದು ವರ್ಷ ಅವರ ದಂಡು ಹೊಳೆ ದಾಟಿ ಇವರ ಕೋಟೆ ಹಿಡಿಯುವುದು. ಇಬ್ಬರು ಓರಗಿತ್ತಿಯರು ಒಂದು ಒರಳಿಗೆ ಜಗಳವಾಡಿದ ಹಾಗೆ. ಓರಗಿತ್ತಿಯರ ಜಗಳದಲ್ಲಿ ಒರಳಿಗೆ ಏನೂ ಆಗುವುದಿಲ್ಲ. ಇವರ ಜಗಳದಲ್ಲಿ ಕಾಳುಗಟ್ಟಿದ ಜೋಳ ಆನೆಯ ಕಾಲಿಗೆ ಹೋಗುತ್ತಿತ್ತು.

ಯಾವ ದಂಡು ಬಂದರೂ ಅದರ ಬಟ್ಟೆ ಮಾಚವ್ವನ ಬಂಡೆಗೇ ಬರುತ್ತಿತ್ತು. ರಾಯನ ಸಿಪಾಯಿಗಳ ರುಮಾಲೂ ಒಗೆದಳು, ಸುಲ್ತಾನನ ಸಿಪಾಯಿಗಳ ಅಂಗಿಯೂ ಒಗೆದಳು. ಚೌಳು ಮಣ್ಣು ಹಚ್ಚಿ ಉಬ್ಬೆಗಿಟ್ಟರೆ, ಆ ಹಬೆಗೆ ಇಬ್ಬರ ನೆತ್ತರೂ ಒಂದೇ ಹದಕ್ಕೆ ಬಿಡುತ್ತಿತ್ತು ಅಂತ ಅವಳು ಹೇಳುತ್ತಿದ್ದಳಂತೆ. ಬಟ್ಟೆ ಕೊಟ್ಟು ಕಾಳಗಕ್ಕೆ ಹೋದವರಲ್ಲಿ ಎಷ್ಟೋ ಜನ ಬಟ್ಟೆ ಕೇಳಲು ಬರಲಿಲ್ಲ. ಒಡೆಯ ಬಂದು ಕೇಳುವ ತನಕ ಆ ಬಟ್ಟೆ ಅಗಸರದಲ್ಲ. ಉಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಮಾಚವ್ವ ಅವನ್ನು ಮಡಚಿ ಒಳಮನೆಯಲ್ಲಿ ಒಟ್ಟಿದಳು. ಒಟ್ಟಿಲು ಬೆಳೆದು ಜಂತಿ ಮುಟ್ಟಿತು ಅಂತಾರೆ.

ಕಡೆಗೆ ಇಬ್ಬರಿಗೂ ಸಾಕಾಯಿತು. ಸಂಧಿ ಮಾಡಿಕೊಳ್ಳಲು ರಾಯ ತನ್ನ ದಳವಾಯಿಯನ್ನು ಕಳಿಸಿದ, ಸುಲ್ತಾನ ತನ್ನ ವಜೀರನನ್ನು ಕಳಿಸಿದ. ಹೊಳೆಯ ನಡುವೆ ಒಂದು ಮರಳದಿನ್ನೆ ಇತ್ತು, ಅಲ್ಲಿ ಭೇಟಿ ಅಂತ ನಿಶ್ಚಯವಾಯಿತು. ಈಚೆ ದಂಡೆಯ ಮೇಲೆ ಒಂದು ಡೇರೆ, ಆಚೆ ದಂಡೆಯ ಮೇಲೆ ಒಂದು ಡೇರೆ. ಇಬ್ಬರೂ ಬಂದರು, ಇಬ್ಬರೂ ಕೂತರು, ಯಾರೂ ಏಳಲಿಲ್ಲ. ದಿನ್ನೆ ನಮ್ಮದು ಅಂತ ಇವರು, ನಮ್ಮದು ಅಂತ ಅವರು. ಮೊದಲು ಇಳಿದು ಕಾಲಿಟ್ಟವನು ಎದುರಿನವನ ನೆಲಕ್ಕೆ ಅತಿಥಿಯಾಗಿ ಬಂದ ಹಾಗೆ. ಅತಿಥಿಯಾದವನು ಸೋತ ಹಾಗೆ. ಅವರ ಬಿಂಕ ಮುಗಿಯುವ ತನಕ ಎರಡು ದಂಡಿನ ಹೊಟ್ಟೆ ತುಂಬಿಸುವ ಪಾಡು ಎರಡು ಊರಿನದು. ನೆಲದೊಳಗಿನ ಹಗೆಯಲ್ಲಿಟ್ಟ ಜೋಳ ಕರಗಿತು, ಹಟ್ಟಿಯ ಕುರಿ ಕರಗಿದವು. ಇನ್ನು ಸ್ವಲ್ಪ ದಿನ ಕೂತರೆ ಸಂಧಿಗೆ ಸಾಕ್ಷಿ ಹೇಳಲು ಊರಲ್ಲಿ ನಾಯಿಯೂ ಉಳಿಯುತ್ತಿರಲಿಲ್ಲ.

ಆಗ ಗೆಜ್ಜೆಹಾಳದ ಗೌಡನಿಗೆ ಮದುವೆಯ ಚಪ್ಪರ ನೆನಪಾಯಿತು. ಬೀಗರು ಎದುರಾದಾಗ ಇಂಥದೇ ಬಿಂಕ, ನೀವು ಮೊದಲು ಬನ್ನಿ, ನೀವು ಮೊದಲು ಬನ್ನಿ. ಆಗ ಅಗಸಗಿತ್ತಿ ಬಂದು ನಡೆಮಡಿ ಹಾಸುತ್ತಾಳೆ. ಒಗೆದ ಬಟ್ಟೆಯನ್ನು ನೆಲದ ಮೇಲೆ ಉದ್ದಕ್ಕೂ ಹಾಸುವುದು. ದೇವರ ಪಲ್ಲಕ್ಕಿ ಬಂದರೂ ಅದರ ಮೇಲೆ, ಮದುಮಗ ಬಂದರೂ ಅದರ ಮೇಲೆ. ಮಡಿಯ ಮೇಲಿಟ್ಟ ಕಾಲು ಯಾರ ನೆಲವನ್ನೂ ಮುಟ್ಟಿದ ಹಾಗಲ್ಲ. ಗೌಡ ಇದನ್ನು ಎರಡೂ ಡೇರೆಗೆ ಹೇಳಿ ಕಳಿಸಿದ. ಬಿಸಿಲಿಗೆ ಬೆಂದಿದ್ದ ದೊಡ್ಡವರಿಬ್ಬರೂ ಆಗಲಿ ಅಂದರು.

ಇಡೀ ಹೊಳೆಗೆ ಹಾಸುವಷ್ಟು ಬಟ್ಟೆ ಎಲ್ಲಿಂದ ತರಬೇಕು? ಊರಿನವರು ತಮ್ಮ ಬಟ್ಟೆ ಕೊಡಲಿಲ್ಲ, ದಂಡಿನವರ ಕಾಲಿಗೆ ಹಾಳಾಗುತ್ತದೆ ಅಂದರು. ಮಾಚವ್ವ ಒಳಮನೆಯ ಒಟ್ಟಿಲು ಬಿಚ್ಚಿದಳು. ರಾಯನ ಕಡೆಯ ಧೋತರದ ತುದಿಗೆ ಸುಲ್ತಾನನ ಕಡೆಯ ರುಮಾಲಿನ ತುದಿ ಗಂಟು ಹಾಕಿ, ಕತ್ತೆಯ ಮೇಲೆ ಹೇರಿ ತಂದು, ಈ ಡೇರೆಯಿಂದ ಆ ಡೇರೆಯ ತನಕ ಹಾಸಿದಳು. ನೀರು ಉಳಿದಿದ್ದ ಕಡೆ ಬಂಡೆಯಿಂದ ಬಂಡೆಗೆ ಎಳೆದು ಕಟ್ಟಿದಳು. ಗಾಳಿಗೆ ಆ ಅಂಗಿಗಳ ತೋಳು ಎದ್ದೆದ್ದು ಬೀಳುತ್ತಿದ್ದವು ಅಂತಾರೆ.

ಈ ಕಡೆಯಿಂದ ದಳವಾಯಿ, ಆ ಕಡೆಯಿಂದ ವಜೀರ ನಡೆದು ಬಂದರು. ದಿನ್ನೆಯ ಮೇಲೆ ಅಪ್ಪಿಕೊಂಡರು. ಇವನು ಅವನ ಡೇರೆಗೆ ಹೋಗಿ ವೀಳ್ಯ ಹಾಕಿಕೊಂಡ, ಅವನು ಇವನ ಡೇರೆಗೆ ಬಂದು ವೀಳ್ಯ ಹಾಕಿಕೊಂಡ. ಮತ್ತೆ ದಿನ್ನೆಗೆ ಬಂದು ಮುದ್ರೆ ಒತ್ತಿದರು. ಆಮೇಲೆ ಕರಾರನ್ನು ಅವರ ಮಾತಿನಲ್ಲಿ ಓದಿದರು, ಇವರ ಮಾತಿನಲ್ಲಿ ಓದಿದರು, ಕಡೆಗೆ ಊರಿನವರಿಗೆ ತಿಳಿಯುವ ಮಾತಿನಲ್ಲಿ ಓದಿದರು. ದಿನ್ನೆಯ ನಟ್ಟನಡುವೆ ಗಡಿ. ಆಚೆಯವರ ಕಾಲು ಈಚೆಯ ನೆಲ ಮುಟ್ಟಬಾರದು, ಈಚೆಯವರ ಕಾಲು ಆಚೆಯ ನೆಲ ಮುಟ್ಟಬಾರದು. ಮುಟ್ಟಿದ ಕಾಲನ್ನು ಕಡಿಯಬೇಕು.

ಮಾಚವ್ವ ಮಡಿಯ ಅಂಚಿಗೆ ನಿಂತು ಇದನ್ನು ಕೇಳಿದಳು. ಆಚೆ ಜಾಲಮಟ್ಟಿಯಲ್ಲಿ ಸಂಕವ್ವ ಆಗ ಬಸುರಿ. ಕುಬಸದ ಶಾಸ್ತ್ರ ಮಾಡಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು ಅಂತ ಮಾಚವ್ವ ಅಂಟಿನುಂಡೆಗೆ ಅಂಟು ಕೂಡಿಸಿಟ್ಟಿದ್ದಳು, ಹಸಿರು ರವಿಕೆ ಕಣ ತೆಗೆದಿಟ್ಟಿದ್ದಳು. ಸಂಧಿ ಮಾಡಿದವರಲ್ಲಿ ಯಾರೂ ಬಸುರಿಯಾದವರಲ್ಲ. ಅವರಿಗೆ ಹೊಳೆಯ ನಡುವೆ ಬರೀ ಒಂದು ಗೆರೆ ಕಂಡಿತ್ತು.

ಎಲ್ಲ ಮುಗಿಯಿತು, ಇನ್ನು ಮಡಿ ಮಡಚು ಮಾಚವ್ವ, ಅಂದ ಗೌಡ. ಮಾಚವ್ವ ಬಗ್ಗಲಿಲ್ಲ.

"ಹಾಸಿದಾಕಿ ಕೈ ತುಂಬಿಲ್ಲ, ಗೌಡ್ರ."

ಅದು ಪದ್ಧತಿಯೇ. ನಡೆಮಡಿ ಹಾಸಿದವಳು ಕೇಳಿದ್ದನ್ನು ಕೊಡದೆ ಮಡಿ ಎತ್ತುವ ಹಾಗಿಲ್ಲ. ದಳವಾಯಿ ನಕ್ಕು ಒಂದು ಹಸು ಕೊಡಿಸುತ್ತೇನೆ ಅಂದ. ಅವನಿಗಿಂತ ಕಡಿಮೆಯಾಗಬಾರದೆಂದು ವಜೀರ ಎರಡು ಎಮ್ಮೆ ಅಂದ. ಮಾಚವ್ವ ಎರಡನ್ನೂ ಬೇಡ ಅಂದಳು. ನೀವಿಬ್ಬರೂ ಗಡಿ ದಾಟಿ ಹೋಗಿ ವೀಳ್ಯ ಹಾಕಿಕೊಂಡು ಬಂದಿರಿ, ನಿಮ್ಮ ಕಾಲು ಕಡಿಯುವವರು ಯಾರು ಅಂತ ಕೇಳಿದಳು. ನಮ್ಮ ಕಾಲು ನೆಲ ಮುಟ್ಟಿಲ್ಲ, ಮಡಿ ಮುಟ್ಟಿದೆ ಅಂದರು ಅವರು.

"ಹಂಗಾರ ನಮ್ಮ ಹೆಣ್ಣುಮಕ್ಕಳ ಕಾಲೂ ಹಂಗ," ಅಂದಳು ಮಾಚವ್ವ. "ವರ್ಷಕ್ಕೊಮ್ಮಿ ಭಾರತ ಹುಣ್ಣಿಮಿಗೆ ಹೊಳಿ ಇಳದಾಗ ಮಡಿ ಹಾಸ್ತೀನಿ. ಕೊಟ್ಟ ಮಕ್ಕಳು ಅದರ ಮ್ಯಾಲೆ ತವರಿಗೆ ಬರ್ಲಿ. ಸಂಜಿಗೆ ತಿರುಗಿ ಹೋಗ್ಲಿ."

ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಮಡಿಯೂ ನೆಲವೇ ಅಂದರೆ ಇಬ್ಬರೂ ಕರಾರು ಮುರಿದ ಹಾಗೆ, ಆಗ ಇಬ್ಬರ ಕಾಲಿಗೂ ಕತ್ತಿ. ಇಷ್ಟು ಬಟ್ಟೆ ಯಾರದು ಅಂತ ವಜೀರ ಮಾತು ಬದಲಿಸಲು ಕೇಳಿದ. ನಿಮ್ಮವರದೇ, ಕೇಳಲು ಬರಲಿಲ್ಲ ಅಂದಳು ಮಾಚವ್ವ.

ಒಪ್ಪಿದರು. ಮಡಿಯ ಮೇಲೆ ದಾಟಿ ಬಂದವಳ ಕಾಲು ಸಂಜೆಯ ತನಕ ತವರಿನ ನೆಲ ಮುಟ್ಟಿದರೂ ತಪ್ಪಲ್ಲ ಅಂದರು. ಆದರೆ ದೊಡ್ಡವರು ಒಪ್ಪುವುದು ಬಾಲ ಹಚ್ಚಿಯೇ. ಈಚೆಯ ಬಟ್ಟೆ ಆಚೆಯ ನೆಲದ ಮೇಲೆ ಬಿದ್ದರೆ ಅದೂ ಒಂದು ಹಕ್ಕಾಗುತ್ತದೆ. ಹಾಗಾಗಿ ಗಡಿಯ ತನಕ ಈಚೆಯವಳು ಹಾಸಲಿ, ಗಡಿಯಿಂದಾಚೆ ಆಚೆಯವಳು ಹಾಸಲಿ, ಗಡಿಯ ಮೇಲೆ ಎರಡನ್ನೂ ಗಂಟು ಹಾಕಿ ಒಂದೇ ಮಡಿ ಮಾಡಲಿ ಅಂದರು. ನಡುವೆ ಒಂದು ಗೇಣು ನೆಲ ಕಂಡರೂ ಕಾಲು ಹೋದ ಹಾಗೆಯೇ. ಹೂಂ, ಹೂಂ ಅಂದಳು ಮಾಚವ್ವ. ಮಗಳ ಮುಖ ಕಣ್ಣಿಗೆ ಕಟ್ಟಿತ್ತು, ಎಲ್ಲದಕ್ಕೂ ಹೂಂ ಅಂದಳು.

ಸಂತೋಷದಲ್ಲಿ ಬಗ್ಗಿ ಬಟ್ಟೆ ಮಡಚತೊಡಗಿದಳು. ಅರ್ಧ ಮಡಚಿದ ಮೇಲೆ ಅವಳ ಕೈ ನಿಂತಿತು.

ನಡೆಮಡಿ ಹಾಸುವುದು ಅಗಸರ ಹೆಂಗಸರ ಕೈ. ಜಾಲಮಟ್ಟಿಯಲ್ಲಿ ಇದ್ದದ್ದು ಒಂದೇ ಅಗಸರ ಮನೆ. ಆ ಮನೆಯ ಅತ್ತೆ ಸತ್ತು ಎಷ್ಟೋ ದಿನ. ಅಲ್ಲಿ ಹಾಸುವವಳು ಸಂಕವ್ವನೇ. ಮತ್ತು ಹಾಸಿದವಳು ತಾನು ಹಾಸಿದ ಮಡಿಯನ್ನು ತುಳಿಯುವಂತಿಲ್ಲ. ತುಳಿದರೆ ಮಡಿ ಮೈಲಿಗೆ. ಮೈಲಿಗೆಯಾದರೆ ಅದು ಬರೀ ಬಟ್ಟೆ, ಬಟ್ಟೆಯ ಕೆಳಗೆ ನೆಲ, ಆ ನೆಲದ ಮೇಲೆ ನಿಂತ ಎಲ್ಲ ಹೆಣ್ಣುಮಕ್ಕಳ ಕಾಲೂ ಕತ್ತಿಗೆ. ಊರಿನ ಮಕ್ಕಳಿಗೆಲ್ಲ ದಾರಿ ಕೇಳಿದ ಮಾಚವ್ವ ತನ್ನ ಮಗಳ ದಾರಿಯನ್ನು ತಾನೇ ಮಡಚಿ ಇಟ್ಟಿದ್ದಳು.

ಅವಳು ಗೌಡಸಾನಿ ನೀಲಗಂಗವ್ವನ ಬಾಗಿಲಿಗೆ ಹೋದಳು. ಗೌಡಸಾನಿಯ ಮಗಳೂ ಜಾಲಮಟ್ಟಿಯ ಸೊಸೆಯೇ. ನಿಮ್ಮ ಮಗಳು ನನ್ನ ಮಡಿಯ ಮೇಲೆ ಬರುತ್ತಾಳೆ, ಒಂದು ವರ್ಷ ಆ ಕಡೆಯ ಅರ್ಧವನ್ನು ಸಂಕವ್ವನ ಬದಲು ಅವಳು ಹಾಸಿದರೆ ಆ ವರ್ಷ ನನ್ನ ಮಗಳು ಬರುತ್ತಾಳೆ, ನೀವು ಹೇಳಿದರೆ ಅವಳು ಇಲ್ಲ ಅನ್ನುವುದಿಲ್ಲ ಅಂತ ಕೇಳಿಕೊಂಡಳು.

"ನಮ್ಮ ಕೈ ಅಗಸರ ಗಂಟಿಗೆ ಬರ್ತದೇನ, ಮಾಚಿ?" ಅಂದಳು ಗೌಡಸಾನಿ. ಬೈದು ಹೇಳಲಿಲ್ಲ. ಬೆಕ್ಕು ಉಳುತ್ತದೆಯೇ ಅಂತ ಕೇಳಿದ ಹಾಗೆ ಕೇಳಿದಳು. ಮಾಚವ್ವ ಇನ್ನೂ ಎಷ್ಟೋ ಬಾಗಿಲಿಗೆ ಹೋದಳು. ಎಲ್ಲ ಕಡೆಯೂ ಮಜ್ಜಿಗೆ ಕೊಟ್ಟರು, ಬೊಗಸೆಗೆ ಮೇಲಿಂದ ಸುರಿದು.

ಸಂಕವ್ವ ಗಂಡನ ಮನೆಯಲ್ಲೇ ಹೆತ್ತಳು. ಬೆಳಗ್ಗೆ ಆಚೆ ಬಂಡೆಯಿಂದ ಸಪ್ಪಳ ಬರದಿದ್ದಾಗ ಮಾಚವ್ವನಿಗೆ ಗೊತ್ತಾಯಿತು. ಅಂಟಿನುಂಡೆ ಮಾಡಿಟ್ಟುಕೊಂಡು ದಂಡೆಯ ಮೇಲೆ ಕೂತಳು. ಹೆಣ್ಣೋ ಗಂಡೋ ಯಾರನ್ನು ಕೇಳಬೇಕು? ಬಾಣಂತನ ಮುಗಿದು ಒಂದು ಬೆಳಗ್ಗೆ ಆಚೆ ಸಪ್ಪಳ ಎದ್ದಾಗ ಅವಳು ತೊಯ್ದ ಬಟ್ಟೆಯಲ್ಲೇ ಮುಖ ಮುಚ್ಚಿ ಅತ್ತಳು ಅಂತಾರೆ.

ಮಾಘದ ಭಾರತ ಹುಣ್ಣಿಮೆ ಬಂತು. ಈಚೆಯಿಂದ ತಾಯಿ ಹಾಸುತ್ತ ನಡೆದಳು, ಆಚೆಯಿಂದ ಮಗಳು ಹಾಸುತ್ತ ನಡೆದಳು. ಇಬ್ಬರೂ ತಮ್ಮ ತಮ್ಮ ಮರಳಿನ ಮೇಲೆ, ಮಡಿಯ ಬದಿಗೆ. ಗಡಿಗೆಂದು ನೆಟ್ಟಿದ್ದ ಕಲ್ಲಿನ ಹತ್ತಿರ ಇಬ್ಬರ ಕೈಯ ತುದಿಗಳು ಕೂಡಿದವು. ಗಂಟು ಹಾಕುವಾಗ ಬೆರಳಿಗೆ ಬೆರಳು ತಾಗಿದವು. ಎರಡೂ ಕಡೆಯ ಸಿಪಾಯಿಗಳು ಕತ್ತಿ ಹಿಡಿದು ಕಾಲು ನೋಡುತ್ತ ನಿಂತಿದ್ದರು; ಕೈ ನೋಡಲು ಯಾರೂ ಹೇಳಿರಲಿಲ್ಲ.

ಗೌಡಸಾನಿಯ ಮಗಳು ಮೊದಲು ನಡೆದು ಬಂದಳು. ಆಮೇಲೆ ಗಾಣಿಗರ ಮಗಳು, ಕುಂಬಾರರ ಮಗಳು, ಕುರುಬರ ಮಗಳು. ಗೆಜ್ಜೆಹಾಳಕ್ಕೆ ಸೊಸೆಯರಾಗಿ ಬಂದಿದ್ದ ಆಚೆಯ ಮಕ್ಕಳೂ ತವರಿಗೆ ಹೋದರು. ಹಬ್ಬದ ಸಡಗರದಲ್ಲಿ ಗಂಟಿನ ಕಡೆ ಯಾರ ಕಣ್ಣೂ ಹೋಗಲಿಲ್ಲ. ಅಲ್ಲಿ ಈಚೆ ಮರಳಲ್ಲಿ ತಾಯಿ, ಆಚೆ ಮರಳಲ್ಲಿ ಮಗಳು ಕೂತಿದ್ದರು. ಮಾಚವ್ವ ಕೈ ಚಾಚಿ ಮಗಳ ಉಡಿ ತುಂಬಿದಳು, ಹಸಿರು ಕಣ, ಕೊಬ್ಬರಿ ಬಟ್ಟಲು, ಅಕ್ಕಿ. ಸಂಕವ್ವ ಕೂಸನ್ನು ಎತ್ತಿ ಗಡಿಯ ಮೇಲಿಂದ ಕೊಟ್ಟಳು. ಹೆಣ್ಣು ಕೂಸು, ಹೆಸರು ಚೆನ್ನಿ. ಒಬ್ಬ ಸಿಪಾಯಿ ತಡೆಯಲು ಬಂದ.

"ಇದರ ಕಾಲು ಇನ್ನೂ ಯಾವ ನೆಲಾನೂ ಮುಟ್ಟಿಲ್ಲೋ ಮಾರಾಯ," ಅಂದಳು ಮಾಚವ್ವ. "ನಡಿಯೂದು ಕಲೀಲಿ, ಆಮ್ಯಾಗ ಕಡಿಯುವಿಯಂತ."

ಸಂಜೆಯ ತನಕ ಚೆನ್ನಿ ಅಜ್ಜಿಯ ಮನೆಯಲ್ಲಿತ್ತು. ಸಂಜೆ ಮತ್ತೆ ಗಂಟಿನ ಹತ್ತಿರ ಬಂದು ಕೂಸನ್ನು ಕೊಟ್ಟು, ಗಂಟು ಬಿಚ್ಚಿ, ಬೆನ್ನು ಮಾಡದೆ ಇಬ್ಬರೂ ಹಿಂದಕ್ಕೆ ಹಿಂದಕ್ಕೆ ಬಟ್ಟೆ ಸುತ್ತಿಕೊಳ್ಳುತ್ತ ಹೋದರು.

ಹೀಗೆ ಹುಣ್ಣಿಮೆಗಳು ಹೋದವು. ಚೆನ್ನಿ ನಡೆಯುವುದು ಕಲಿತು ಮಡಿಯ ಮೇಲೆ ತಾನೇ ಬರತೊಡಗಿದಳು. ತಿರುಗಿ ಹೋದ ಮೇಲೆ ತಾಯಿ ಅವಳನ್ನು ಕೂಡಿಸಿಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ಒಲೆಯ ಗೋಡೆಗೆ ಕೆಮ್ಮಣ್ಣು ಬಳಿದಿದ್ದಾಳಾ? ದೀಪದ ಗೂಡಿನ ಕೆಳಗೆ ನಾನು ಕೆತ್ತಿದ್ದ ಗಿಳಿ ಇದೆಯಾ? ಕತ್ತೆಗೆ ವಯಸ್ಸಾಯಿತಾ? ಮಗಳ ಕಣ್ಣಿಂದ ಸಂಕವ್ವ ತವರು ನೋಡುತ್ತಿದ್ದಳು. ಈಚೆ ದಂಡೆಯಲ್ಲಿ ಮಾಚವ್ವ ಮೊಮ್ಮಗಳ ಅಂಗೈ ನೋಡುತ್ತಿದ್ದಳು. ಈ ಕೈಗೆ ಗಂಟು ಹೊರುವ ಬಲ ಬಂದರೆ ಚೆನ್ನಿ ಹಾಸುತ್ತಾಳೆ, ನನ್ನ ಮಗಳು ನಡೆಯುತ್ತಾಳೆ. ಇನ್ನೂ ಸಣ್ಣ ಕೈ ಅನ್ನುವಳು, ತುಪ್ಪ ಹಚ್ಚಿ ತಿಕ್ಕುವಳು. ಕೈ ಬೆಳೆಯುವುದು ತುಪ್ಪದಿಂದಲ್ಲ, ವರ್ಷದಿಂದ. ವರ್ಷ ಅವಳ ಹತ್ತಿರ ಹೆಚ್ಚು ಉಳಿದಿರಲಿಲ್ಲ.

ಒಂದು ಚಳಿಗಾಲ, ಹುಣ್ಣಿಮೆಗೆ ಇನ್ನೂ ಸ್ವಲ್ಪ ದಿನವಿದ್ದಾಗ, ಈಚೆ ಬಂಡೆಯ ಸಪ್ಪಳ ನಿಂತಿತು. ಆಚೆ ದಂಡೆಯ ಮೇಲೆ ಸಂಕವ್ವ ಬಟ್ಟೆ ಕೈಯಲ್ಲಿ ಹಿಡಿದು ಕಾದಳು. ಅವ್ವನ ತೋಳು ಸೋತಿರಬೇಕು ಅಂದುಕೊಂಡಳು. ಮರುದಿನವೂ ಕಾದಳು. ಜ್ವರ ಬಂದಿರಬೇಕು ಅಂದುಕೊಂಡಳು. ತಾನೇ ಮೊದಲು ಸೆಳೆದು ನೋಡಿದಳು. ಹೊಳೆ ಸುಮ್ಮನಿತ್ತು.

ಗೆಜ್ಜೆಹಾಳದಲ್ಲಿ ಮಾಚವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಊರಿಗೆ ಹುಣ್ಣಿಮೆ ನೆನಪಾಯಿತು. ಈ ವರ್ಷ ಹಾಸುವವರು ಯಾರು? ಗೌಡಸಾನಿ ನೀಲಗಂಗವ್ವ ಹೊಸಿಲ ಮೇಲೆ ಬಹಳ ಹೊತ್ತು ಕೂತಳು. ಮಗಳ ದಾರಿ ಮುಚ್ಚಿತು ಅಂತ ಅವಳಿಗೆ ಉರಿ ಎದ್ದಿತು. ಆ ಉರಿ ಎಷ್ಟು ವರ್ಷ ಮಾಚವ್ವನ ಹೊಟ್ಟೆಯಲ್ಲಿತ್ತು ಅಂತ ಆಗ ತಿಳಿಯಿತು. ಮುಂಚೆಯೇ ತಿಳಿಯಬಹುದಿತ್ತು, ಆದರೆ ಬೇರೆಯವರ ಹೊಟ್ಟೆಯ ಉರಿ ನಮ್ಮ ಹೊಟ್ಟೆಗೆ ಬರುವ ತನಕ ಅದು ಅವರ ಹಣೆಬರಹವೇ ಆಗಿರುತ್ತದೆ.

ಹುಣ್ಣಿಮೆಯ ಬೆಳಗ್ಗೆ ಅವಳು ಎದ್ದು ಅಗಸರ ಮನೆಗೆ ಹೋಗಿ ಗಂಟಿಗೆ ಕೈ ಹಾಕಿದಳು. ಗೌಡ ಬೈದ, ಮೈದುನರು ಬೈದರು. ಅವಳು ಕೇಳಿಸಿಕೊಳ್ಳಲಿಲ್ಲ. ಗಾಣಿಗರವಳು ಬಂದಳು, ಕುಂಬಾರರವಳು ಬಂದಳು, ಕುರುಬರವಳು ಬಂದಳು. ಹಾಸಲು ಬರದವರು ಹಾಸಿದರೆ ಹೇಗಿರುತ್ತದೆ? ಎಲ್ಲ ಸೊಟ್ಟ. ಬಟ್ಟೆ ತಿರುಚಿತು, ಗಂಟು ಕಳಚಿತು, ಒಬ್ಬಳು ನೀರಿಗೆ ಬಿದ್ದಳು. ಆದರೂ ಎಲ್ಲರ ಕೈ ಅದರ ಮೇಲಿತ್ತು.

ಆಚೆಯಿಂದ ಸಂಕವ್ವ ಗಂಟು ಹೊತ್ತು ಹೊಳೆಗೆ ಇಳಿದಿದ್ದಳು. ಈಚೆ ಮರಳಲ್ಲಿ ಬಹಳ ಹೆಂಗಸರು ಬಗ್ಗಿದ್ದು ಕಂಡಿತು. ಅವರಲ್ಲಿ ಅವ್ವ ಇರಲಿಲ್ಲ. ಗೌಡಸಾನಿ ಬಾಯಿಗೆ ಕೈಯಿಟ್ಟು ಕೂಗಿದಳು.

"ಸಂಕವ್ವಾ, ಮಾಚವ್ವನ ಮಗಳ, ಹಾಸಬ್ಯಾಡ. ಗಂಟು ಕೆಳಗಿಡು."

ಸಂಕವ್ವನ ತಲೆಯ ಮೇಲಿನ ಗಂಟು ತಾನೇ ಇಳಿಯಿತು. ಜಾಲಮಟ್ಟಿಯ ಸೊಸೆಯರು ಅದನ್ನು ಹಿಡಿದರು. ಅವರೆಲ್ಲ ವರ್ಷ ವರ್ಷ ಅದರ ಮೇಲೆ ನಡೆದವರೇ. ಈ ಸಲ ಅವರು ಹಾಸಿದರು. ಗಡಿಯ ಮೇಲೆ ಗೌಡಸಾನಿಯೂ ಅವಳ ಮಗಳೂ ಕೈ ಕೂಡಿಸಿ ಗಂಟು ಹಾಕಿದರು. ಎಲ್ಲರೂ ಮಡಿಯಿಂದ ಬದಿಗೆ ಸರಿದು ನಿಂತರು. ಹಾಸಿದವರಲ್ಲವೇ, ಇನ್ನು ತುಳಿಯುವಂತಿರಲಿಲ್ಲ. ಆ ವರ್ಷ ಅಷ್ಟು ಉದ್ದದ ಮಡಿಯ ಮೇಲೆ ನಡೆದದ್ದು ಚೆನ್ನಿಯ ಕೈ ಹಿಡಿದ ಸಂಕವ್ವ ಮಾತ್ರ.

ಅವಳು ತವರಿಗೆ ಬಂದಳು. ಒಲೆಯ ಗೋಡೆಗೆ ಕೆಮ್ಮಣ್ಣು ಬಳಿದಿತ್ತು. ದೀಪದ ಗೂಡಿನ ಕೆಳಗೆ ಗಿಳಿ ಇತ್ತು. ಕತ್ತೆಗೆ ವಯಸ್ಸಾಗಿತ್ತು. ಮಗಳು ಹೇಳಿದ್ದೆಲ್ಲ ಹಾಗೆಯೇ ಇತ್ತು, ಅವ್ವನೊಬ್ಬಳನ್ನು ಬಿಟ್ಟು. ಸಂಕವ್ವ ಅಳಲಿಲ್ಲ ಅಂತಾರೆ. ಹೊಳೆಗೆ ಹೋಗಿ, ಸೆರಗು ನೀರಲ್ಲಿ ಅದ್ದಿ, ಅವ್ವನ ಬಂಡೆಯ ಮೇಲೆ ಒಂದು ಸಲ ಸೆಳೆದಳು. ಆಚೆ ದಂಡೆಯ ಕಡೆ ಕಿವಿಕೊಟ್ಟು ನಿಂತಳು. ಅಲ್ಲಿಂದ ಉತ್ತರ ಕೊಡಬೇಕಾದವಳು ತಾನೇ ಅಂತ ಆಗ ನೆನಪಾಯಿತಂತೆ.

ಆ ರಾಯ ಹೋದ, ಆ ಸುಲ್ತಾನ ಹೋದ. ಗಡಿಯ ಕಲ್ಲು ಯಾವುದೋ ಮಹಾಪೂರದಲ್ಲಿ ಉರುಳಿತು. ಈಗ ಆ ಊರಿಂದ ಈ ಊರಿಗೆ ಯಾವ ಕಾಲಾದರೂ ಬರಬಹುದು. ಆದರೂ ಭಾರತ ಹುಣ್ಣಿಮೆಗೆ ಮಗಳು ತವರಿಗೆ ಬಂದರೆ ಎರಡೂ ಊರಿನಲ್ಲಿ ಹೊಸಿಲ ಮುಂದೆ ಒಗೆದ ಬಟ್ಟೆ ಹಾಸುತ್ತಾರೆ. ಒಬ್ಬರೇ ಹಾಸುವುದಿಲ್ಲ. ಮನೆಯವರೆಲ್ಲ ಅಂಚು ಹಿಡಿಯುತ್ತಾರೆ, ಅತ್ತಿಗೆ, ತಮ್ಮ, ಮಂಚದ ಮೇಲಿನ ಮುದುಕಿಯ ಕೈಯನ್ನೂ ಮುಟ್ಟಿಸುತ್ತಾರೆ. ಆ ಭಾರ ಒಬ್ಬಳ ತಲೆಗೆ ಬರಬಾರದು ಅಂತ.

ಮಗಳು ಅದರ ಮೇಲೆ ನಡೆದು ಒಳಗೆ ಬರುತ್ತಾಳೆ. ಉಂಡು, ಉಡಿ ತುಂಬಿಸಿಕೊಂಡು, ಗಂಡನ ಮನೆಗೆ ಹೊರಡುವ ಮುಂಚೆ ಹೊಳೆಗೆ ಹೋಗಿ, ಸೆರಗಿನ ತುದಿ ಅದ್ದಿ, ಈಚೆಯವಳಾದರೆ ಮಾಚವ್ವನ ಬಂಡೆಯ ಮೇಲೆ, ಆಚೆಯವಳಾದರೆ ಸಂಕವ್ವನ ಬಂಡೆಯ ಮೇಲೆ ಒಂದು ಸಲ ಸೆಳೆಯುತ್ತಾಳೆ. ಆಮೇಲೆ ಎದುರು ದಂಡೆಯ ಕಡೆ ಕಿವಿಕೊಟ್ಟು ನಿಲ್ಲುತ್ತಾಳೆ. ಆಗ ಅವಳನ್ನು ಯಾರೂ ಕರೆಯುವುದಿಲ್ಲ.